ಮುನ್ನೂರು ಜನರ ಊರಿಗೆ ಬಸ್ ಯಾಕೆ ಬರಲ್ಲ?

ಮಲೆನಾಡಿನ ನಮ್ಮ ದೊಡ್ಡಮ್ಮನ ಊರಿಗೆ ಮೊದಲು ಒಂದು ಹಾಲ್ಟಿಂಗ್ ಬಸ್ ಬರುತ್ತಿತ್ತು. ರಾತ್ರಿ ಎಂಟರ ಹೊತ್ತಿಗೆ ಬಂದು ಅರಳಿಕಟ್ಟೆ ಪಕ್ಕ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಶಾಲೆ ಜಗಲಿಯಲ್ಲಿ ಮಲಗುತ್ತಿದ್ದರು. ಬೆಳಗ್ಗೆ ಆರೂಕಾಲಿಗೆ ಹೊರಡುವ ಮುಂಚೆ ಎರಡು ಸಲ ಹಾರ್ನ್. ಮೊದಲ ಹಾರ್ನಿಗೆ ತೋಟದ ಆಚೆ ಮನೆಯವರು ಚಪ್ಪಲಿ ಮೆಟ್ಟುತ್ತಿದ್ದರು, ಎರಡನೆಯದಕ್ಕೆ ಓಡುತ್ತಿದ್ದರು. ಹೈಸ್ಕೂಲು ಮಕ್ಕಳು, ಹಾಲಿನ ಕ್ಯಾನು, ವೀಳ್ಯದೆಲೆ ಕಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆ ಚೀಟಿ ಹಿಡಿದ ಯಾರಾದರೊಬ್ಬ ಅಜ್ಜ. ಅಷ್ಟು ತುಂಬಿಕೊಂಡು ಬಸ್ ಹೊರಡುತ್ತಿತ್ತು.

ಈಗ ಆ ಬಸ್ ಇಲ್ಲ. ಮೊದಲು ಭಾನುವಾರದ ಟ್ರಿಪ್ ಕಟ್ ಆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ರಸ್ತೆ ಸರಿಯಿಲ್ಲ ಅಂತ ಪೂರ್ತಿ ನಿಂತಿತು. ಮಳೆ ಮುಗಿದರೂ ತಿರುಗಿ ಬರಲಿಲ್ಲ. ಕೇಳಲು ಹೋದವರಿಗೆ ಸಿಕ್ಕ ಉತ್ತರ ಎರಡೇ ಮಾತು: "ಕಲೆಕ್ಷನ್ ಇಲ್ಲ." ಊರಲ್ಲಿ ಈಗ ಸುಮಾರು ಮುನ್ನೂರು ಜನ. ಮೇನ್ ರೋಡಿಗೆ ನಾಲ್ಕು ಕಿಲೋಮೀಟರ್, ಮಧ್ಯೆ ಒಂದು ಹಳ್ಳ.

ಮುನ್ನೂರು ಜನಕ್ಕೆ ಒಂದು ಬಸ್ ಬಿಡಲು ಆಗುತ್ತಾ ಅಂತ ಕೇಳುವವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಆ ಮುನ್ನೂರು ಎಂಬ ಸಂಖ್ಯೆ ಎಲ್ಲಿಂದ ಬಂತು, ಅದನ್ನು ಯಾವ ಯಾವ ಲೆಕ್ಕಕ್ಕೆ ಬಳಸುತ್ತಾರೆ ಅನ್ನುವುದನ್ನೂ ಕೇಳಬೇಕಲ್ವಾ? ಸಣ್ಣ ಊರಿನ ರಸ್ತೆ, ಬಸ್ಸು, ಆಸ್ಪತ್ರೆ ಎಲ್ಲವೂ ತಲೆ ಎಣಿಕೆಯ ಮೇಲೆ ನಿಂತಿವೆ. ಆ ಎಣಿಕೆ ಬಯಲುಸೀಮೆಯ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ್ದು. ಮಲೆನಾಡಿನ ಊರು ಅದರ ಕೈಗೆ ಸಿಗುವುದೇ ಇಲ್ಲ.

ಜನಗಣತಿಯಿಂದ ಶುರು ಮಾಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 29,340 ಹಳ್ಳಿಗಳಿದ್ದವು. ಜನ ವಾಸ ಇದ್ದದ್ದು 27,397ರಲ್ಲಿ. ಪ್ರತಿ ಹಳ್ಳಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಎದುರು ಒಂದು ಉದ್ದನೆಯ ಸಾಲು. ಅದರಲ್ಲಿ ಜನ ಎಷ್ಟು, ಮನೆ ಎಷ್ಟು ಎಂಬುದರ ಜೊತೆಗೆ ಸರ್ಕಾರಿ ಬಸ್ ಇದೆಯಾ, ಖಾಸಗಿ ಬಸ್ ಇದೆಯಾ, ಆಟೋ, ಟ್ಯಾಕ್ಸಿ, ಟ್ರ್ಯಾಕ್ಟರ್ ಇದೆಯಾ, ಡಾಂಬರು ರಸ್ತೆ ಇದೆಯಾ, ಎಲ್ಲಾ ಕಾಲಕ್ಕೂ ಓಡಾಡುವ ರಸ್ತೆ ಇದೆಯಾ ಎಂಬ ಕಾಲಂಗಳಿವೆ. ಎತ್ತಿನ ಗಾಡಿಗೂ ಒಂದು ಕಾಲಂ ಇದೆ. ಇಲ್ಲ ಎಂದಾದರೆ, ಆ ಸೌಲಭ್ಯ ಎಷ್ಟು ದೂರದಲ್ಲಿದೆ ಅಂತ ಒಂದು ಅಕ್ಷರ ಬರೆಯುತ್ತಾರೆ. 5 ಕಿಲೋಮೀಟರ್ ಒಳಗೆ ಅಂದರೆ 'ಎ'. 5ರಿಂದ 10 ಅಂದರೆ 'ಬಿ'. 10 ದಾಟಿದರೆ 'ಸಿ'.

ದೊಡ್ಡಮ್ಮನ ಊರು ಈ ಲೆಕ್ಕದಲ್ಲಿ 'ಎ' ಆಗುತ್ತದೆ. ಬಸ್ಸಿಗೆ ಹತ್ತಿರ ಇರುವ ಊರು! ಮನೆಯಿಂದ ಅರ್ಧ ಕಿಲೋಮೀಟರಿಗೆ ಬಸ್ ಸಿಗುವ ಊರಿಗೂ 'ಎ', ಹಳ್ಳ ದಾಟಿ ಏರು ಹತ್ತಿ ನಾಲ್ಕು ಕಿಲೋಮೀಟರ್ ನಡೆಯಬೇಕಾದ ಊರಿಗೂ 'ಎ'. ಜುಲೈ ತಿಂಗಳಲ್ಲಿ ಆ ಹಳ್ಳ ದಾಟಲು ಆಗುವುದಿಲ್ಲ ಎಂಬುದನ್ನು ಬರೆಯಲು ಯಾವ ಅಕ್ಷರವೂ ಇಲ್ಲ. ಇದ್ದ ಬಸ್ ದಿನಕ್ಕೆ ಎಷ್ಟು ಸಲ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನೂ ಯಾರೂ ಕೇಳಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಒಂದೇ ಒಂದು ಸಲ ಬಂದು ಹೋಗುವ ಬಸ್ಸೂ ಕಾಗದದ ಮೇಲೆ 'ಇದೆ'. ಅಂಥ ಬಸ್ಸಿನಲ್ಲಿ ಯಾವ ಮಗು ಶಾಲೆಗೆ ಹೋಗಬೇಕು?

ಇನ್ನು 'ಹಳ್ಳಿ' ಎಂಬ ಮಾತು. ಗದಗ, ವಿಜಯಪುರದ ಕಡೆ ಹೋದರೆ ಊರು ಅಂದರೆ ಊರು. ಅಗಸಿ ಬಾಗಿಲು ದಾಟಿದರೆ ಗೋಡೆಗೆ ಗೋಡೆ ತಾಗಿದ ಮನೆಗಳು, ಸುತ್ತ ಹೊಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಊರೆಲ್ಲ ಕೇಳುತ್ತದೆ. ಮಲೆನಾಡಿನಲ್ಲಿ ಹಾಗಿಲ್ಲ. ಕಂದಾಯ ಗ್ರಾಮ ಒಂದೇ, ಹೆಸರು ಒಂದೇ. ಒಳಗೆ ಹೋದರೆ ಒಂದು ಕೊಡಿಗೆ, ಒಂದು ಮಕ್ಕಿ, ಒಂದು ಹಕ್ಕಲು ಅಂತ ಚದುರಿದ ಮನೆಗುಂಪುಗಳು, ಮೇಲೆ ಗುಡ್ಡದ ತುದಿಗೆ ಇನ್ನೆರಡು ಮನೆ. ತೋಟ ಇದ್ದಲ್ಲಿ ಮನೆ, ನೀರು ಇದ್ದಲ್ಲಿ ತೋಟ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಸಂಕ, ಅಂದರೆ ಹಳ್ಳಕ್ಕೆ ಹಾಕಿದ ಸಣ್ಣ ಕಾಲುಸೇತುವೆ, ದಾಟಬೇಕು. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನ. ಕೊಡಗಿನಲ್ಲಿ 135, ಉತ್ತರ ಕನ್ನಡದಲ್ಲಿ 140. ಅರ್ಧಕ್ಕೂ ಕಡಿಮೆ.

ಈಗ ಇದರ ಮೇಲೆ ರಸ್ತೆಯ ನಿಯಮ ಇಟ್ಟು ನೋಡಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಅದರಿಂದ ದೇಶಕ್ಕೆ ಆದ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಜನವಸತಿಗೆ ರಸ್ತೆ ಸಿಗಬೇಕು ಎಂಬುದಕ್ಕೆ ಅದು ಇಟ್ಟ ಅಳತೆ ಜನಸಂಖ್ಯೆ. ಬಯಲಿನಲ್ಲಿ 500 ಜನ ಇರಬೇಕು. ಗುಡ್ಡಗಾಡು ರಾಜ್ಯಗಳಲ್ಲಿ, ಮರುಭೂಮಿಯಲ್ಲಿ, ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶದಲ್ಲಿ 250 ಸಾಕು. ಅಕ್ಕಪಕ್ಕದ ಮನೆಗುಂಪುಗಳನ್ನು ಸೇರಿಸಿ ಎಣಿಸಬಹುದು. ಆದರೆ ಬಯಲಿನಲ್ಲಿ 500 ಮೀಟರ್ ಒಳಗಿನವನ್ನು ಮಾತ್ರ. ಗುಡ್ಡಗಾಡಿನಲ್ಲಿ ಒಂದೂವರೆ ಕಿಲೋಮೀಟರ್ ನಡಿಗೆಯ ದೂರದವರೆಗೆ ಸೇರಿಸಬಹುದು.

ಹಾಗಾದರೆ ಮಲೆನಾಡಿಗೆ ಯಾವ ನಿಯಮ? ಗುಡ್ಡಗಾಡು ರಾಜ್ಯ ಅಂದರೆ ಹಿಮಾಚಲ, ಉತ್ತರಾಖಂಡದಂಥವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಐದನೇ ಅನುಸೂಚಿಯ ಪ್ರದೇಶ ಅಂತ ಘೋಷಣೆಯಾದ ಒಂದು ಜಾಗವೂ ನಮ್ಮ ರಾಜ್ಯದಲ್ಲಿಲ್ಲ. ಅಂದರೆ ಆಗುಂಬೆ ಘಾಟಿಯ ಪಕ್ಕದ ಊರೂ ರಸ್ತೆಯ ಲೆಕ್ಕದಲ್ಲಿ ಬಯಲು! 2024ರ ಸೆಪ್ಟೆಂಬರಿನಲ್ಲಿ ಈ ಯೋಜನೆಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. 70,125 ಕೋಟಿ ರೂಪಾಯಿ, 62,500 ಕಿಲೋಮೀಟರ್ ರಸ್ತೆ, 25,000 ಜನವಸತಿ. ಒಳ್ಳೆಯ ಸುದ್ದಿ. ಅಳತೆ ಮಾತ್ರ ಮತ್ತೆ ಅದೇ 500 ಮತ್ತು 250. ಎಣಿಕೆ 2011ರದ್ದು.

ಇಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಒಂದು ಮಾತು ಹೇಳಬೇಕು. ಮಲೆನಾಡಿಗೆ ಬೇರೆ ಅಳತೆ ಬೇಕು ಎಂಬುದು ಹೊಸ ಬೇಡಿಕೆಯೇ ಅಲ್ಲ. ನಮ್ಮ ರಾಜ್ಯದ ಕಾನೂನೇ ಅದನ್ನು ಒಪ್ಪಿಕೊಂಡು ಮೂವತ್ತು ವರ್ಷ ದಾಟಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ನೋಡಿ. ಒಂದು ಗ್ರಾಮ ಪಂಚಾಯ್ತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಇರಬೇಕು ಅನ್ನುತ್ತದೆ. ಮಲೆನಾಡು, ಕರಾವಳಿ ಜಿಲ್ಲೆಗಳಿಗೆ 2,500 ಸಾಕು ಅನ್ನುತ್ತದೆ. ಜನ ಚದುರಿ ಬದುಕುವ ಕಡೆ ಪಂಚಾಯ್ತಿ ಕಚೇರಿ ತೀರಾ ದೂರ ಆಗಬಾರದು ಎಂಬ ವಿವೇಕ ಅದು. ಪಂಚಾಯ್ತಿ ಕಟ್ಟುವಾಗ ಕಂಡ ಗುಡ್ಡ ಬಸ್ ಬಿಡುವಾಗ, ರಸ್ತೆ ಮಾಡುವಾಗ ಯಾಕೆ ಕಾಣಲ್ಲ?

ರಸ್ತೆ ಆದರೂ ಬಸ್ ಬರುತ್ತದೆ ಎಂಬ ಖಾತ್ರಿ ಇಲ್ಲ, ಅದು ಇನ್ನೊಂದು ಕಥೆ. ಗ್ರಾಮ ಸಡಕ್ ರಸ್ತೆಯ ಡಾಂಬರಿನ ಅಗಲ 3.75 ಮೀಟರ್. ವಾಹನ ಕಡಿಮೆ ಓಡಾಡುವ ಕಡೆ 3 ಮೀಟರ್. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಎದುರಿಗೆ ಒಂದು ಪಿಕಪ್ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಒಂದು ಕಡೆ ಧರೆ, ಇನ್ನೊಂದು ಕಡೆ ಕಂದಕ ಇರುವ ತಿರುವಿನಲ್ಲಿ ದೊಡ್ಡ ಬಸ್ ತಿರುಗಿಸುವ ಕಷ್ಟ ಆ ಡ್ರೈವರಿಗೇ ಗೊತ್ತು. ರಸ್ತೆಗೆ ಮೊದಲ ಐದು ವರ್ಷ ಗುತ್ತಿಗೆದಾರನ ನಿರ್ವಹಣೆ ಇರುತ್ತದೆ. ಆಮೇಲೆ ಹೊಂಡ ಮುಚ್ಚುವುದು ರಾಜ್ಯದ ಕೆಲಸ. ಅಲ್ಲಿಂದ ಶುರುವಾಗುವುದೇ "ರಸ್ತೆ ಸರಿಯಿಲ್ಲ, ಬಸ್ ಬರಲ್ಲ" ಎಂಬ ಮಾತು.

ಮತ್ತೆ ಕಲೆಕ್ಷನ್. ಸಾರಿಗೆ ನಿಗಮ ಒಂದು ಮಾರ್ಗವನ್ನು ತೂಗುವುದು ಒಂದು ಕಿಲೋಮೀಟರಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ತಕ್ಕಡಿಯಲ್ಲಿ. ಲೆಕ್ಕಕ್ಕೆ ಸುಮ್ನೆ ಹೀಗಿಟ್ಟುಕೊಳ್ಳಿ. ಮುನ್ನೂರು ಜನರ ಊರಲ್ಲಿ ದಿನಕ್ಕೆ ಹತ್ತರಲ್ಲಿ ಒಬ್ಬರು ಹೊರಗೆ ಹೋಗುತ್ತಾರೆ. ಅಂದರೆ ಮೂವತ್ತು ಜನ. ಬೆಳಗಿನ ಬಸ್ಸಿಗೆ ಇಪ್ಪತ್ತು, ಉಳಿದವರು ಆಮೇಲೆ. ಐವತ್ತು ಸೀಟಿನ ಬಸ್ಸು ಅರ್ಧಕ್ಕಿಂತ ಹೆಚ್ಚು ಖಾಲಿ. ಕಾಗದದ ಮೇಲೆ ನಷ್ಟ. ಆದರೆ ಆ ಇಪ್ಪತ್ತು ಜನ ಮೇನ್ ರೋಡಿಗೆ ಬಂದಮೇಲೆ ಎಲ್ಲಿಗೆ ಹೋಗುತ್ತಾರೆ? ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಬೆಂಗಳೂರಿಗೆ. ದೊಡ್ಡ ಮಾರ್ಗದ ಬಸ್ ತುಂಬುವುದೇ ಹೀಗೆ ಸಣ್ಣ ಊರುಗಳಿಂದ ಬಂದು ಸೇರುವ ಜನರಿಂದ. ತೊರೆಗಳ ನೀರು ಸೇರಿಯೇ ಹೊಳೆ. ಲಾಭವನ್ನೆಲ್ಲ ಹೊಳೆಗೆ ಬರೆದು, ನಷ್ಟವನ್ನೆಲ್ಲ ತೊರೆಗೆ ಬರೆದರೆ ಹಳ್ಳಿ ಬಸ್ ಯಾವತ್ತೂ ಗೆಲ್ಲುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಾನು ಈ ಯೋಜನೆಯ ಪರ. ಕೂಲಿಗೆ ಹೋಗುವ ಹೆಣ್ಣುಮಗಳ ಕೈಯಲ್ಲಿ ಉಳಿದ ದುಡ್ಡು ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಆದರೆ ಬಸ್ಸೇ ಬರದ ಊರಲ್ಲಿ ಆಧಾರ್ ಕಾರ್ಡ್ ಹಿಡಿದು ಏನು ಮಾಡುವುದು? ದೊಡ್ಡಮ್ಮ ಉಚಿತ ಬಸ್ ಹತ್ತಲು ಮೊದಲು ಆಟೋಗೆ ಬಾಡಿಗೆ ಕೊಡಬೇಕು. ಒಂಟಿಯಾಗಿ ಹೋದರೆ ಪೂರ್ತಿ ಬಾಡಿಗೆ ಅವಳದ್ದೇ. ಹಾಗಾಗಿ ನಾಲ್ಕು ಜನ ಸೇರುವವರೆಗೆ ಕಾಯುತ್ತಾಳೆ. ಬಿಪಿ ಮಾತ್ರೆ ಮುಗಿದರೂ ಕಾಯುತ್ತಾಳೆ. ಹೆಂಗಸರ ಸೊನ್ನೆ ಟಿಕೆಟಿನ ದುಡ್ಡನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಅಂದಮೇಲೆ ಹೆಂಗಸರೇ ಜಾಸ್ತಿ ಓಡಾಡುವ ಹಳ್ಳಿ ಮಾರ್ಗಕ್ಕೆ ಈಗ ಕಲೆಕ್ಷನ್ ಇಲ್ಲ ಅನ್ನುವ ಕಾರಣ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲಬಾರದು. ಆ ದುಡ್ಡು ಹೊತ್ತಿಗೆ ಸರಿಯಾಗಿ ನಿಗಮದ ಕೈ ಸೇರಬೇಕು, ಅಷ್ಟೆ.

ಸರ್ಕಾರಿ ಬಸ್ ಬಿಟ್ಟರೆ ಮಲೆನಾಡಿಗೆ ಖಾಸಗಿ ಬಸ್ಸೇ ಜೀವ. ಕೊಪ್ಪದ ಸಹಕಾರ ಸಾರಿಗೆಯನ್ನು ಇಲ್ಲಿ ನೆನೆಯಲೇಬೇಕು. 1991ರಲ್ಲಿ ಬಸ್ ಕಾರ್ಮಿಕರೇ ಸೇರಿ ಕಟ್ಟಿದ ಸಂಘ. ಡ್ರೈವರ್, ಕಂಡಕ್ಟರುಗಳೇ ಮಾಲೀಕರು. ಬೇರೆಯವರು ಹೋಗದ ಒಳ ಊರುಗಳಿಗೆ ಅವರ ಬಸ್ ಹೋಗುತ್ತಿತ್ತು. ಸುಮಾರು ಮೂವತ್ತು ವರ್ಷ ನಡೆದು 2020ರಲ್ಲಿ ನಿಂತಿತು. ಡೀಸೆಲ್ ಬೆಲೆ, ತೆರಿಗೆ, ಕಮ್ಮಿಯಾದ ಪ್ರಯಾಣಿಕರು, ಎಲ್ಲ ಸೇರಿ ಹಿಂಡಿ ಹಾಕಿದವು. ಪ್ರಯಾಣಿಕರು ಎಲ್ಲಿ ಹೋದರು? ಬೈಕ್ ಕೊಂಡವರು ಬೈಕಿಗೆ ಹೋದರು. ಉಳಿದವರು ಊರು ಬಿಟ್ಟರು.

ಊರು ಬಿಟ್ಟ ಮಾತು ಸುಮ್ಮನೆ ಹೇಳಿದ್ದಲ್ಲ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು. 2011ರಲ್ಲಿ 11,37,961. ರಾಜ್ಯದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದ ಹತ್ತು ವರ್ಷದಲ್ಲಿ ಈ ಜಿಲ್ಲೆ ಕುಗ್ಗಿತು. ಕಾಫಿ ಬೆಲೆ ಬಿದ್ದದ್ದು, ಅಡಿಕೆಗೆ ರೋಗ ಬಂದದ್ದು, ಮಕ್ಕಳ ಓದು, ಕಾರಣ ಹಲವು. ಬಸ್ ಒಂದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮನೆಯವರು ಊರು ಬಿಡುವ ತೀರ್ಮಾನ ಯಾವಾಗ ಮಾಡುತ್ತಾರೆ ಅಂತ ನೋಡಿ. ಮಗು ಏಳನೇ ಕ್ಲಾಸು ಮುಗಿಸಿದಾಗ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ 2006-07ರಿಂದ ಕೊಡುತ್ತಿದ್ದ ಸೈಕಲ್ ಕೋವಿಡ್ ಬಂದಮೇಲೆ ನಿಂತಿತು. ಇದ್ದರೂ ಆ ಏರಿನಲ್ಲಿ ಸೈಕಲ್ ತುಳಿಯುವುದು ಕಷ್ಟ. ಹುಡುಗಿಯನ್ನು ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ನಡೆಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿಯುತ್ತಾರೆ. ಮೊದಲು ತಾಯಿ ಮಗು ಹೋಗುತ್ತಾರೆ, ಆಮೇಲೆ ಅಪ್ಪ. ಮುನ್ನೂರು ಇನ್ನೂರ ತೊಂಬತ್ತೇಳು ಆಗುತ್ತದೆ. ಬಸ್ ಇಲ್ಲದ್ದಕ್ಕೆ ಜನ ಹೋಗುತ್ತಾರೆ, ಜನ ಇಲ್ಲದ್ದಕ್ಕೆ ಬಸ್ ಹೋಗುತ್ತದೆ.

ಕಾಡಿನೊಳಗಿನ ಊರುಗಳ ಪಾಡು ಇನ್ನೂ ಬೇರೆ. 2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ದಿನ, ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಬೆಟ್ಟದ ಊರು ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಯಿತು. 29ರಂದು ಮರು ಮತದಾನ ನಡೆಸಬೇಕಾಯಿತು. ರಸ್ತೆ, ನೀರು, ಕರೆಂಟು ಕೊಡಿ ಅಂತ ಚುನಾವಣೆ ಬಹಿಷ್ಕರಿಸಿದ ಊರು ಅದು. ಮತಯಂತ್ರ ಒಡೆದದ್ದನ್ನು ಯಾರೂ ಒಪ್ಪಲಾರರು. ಆದರೆ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ನಡೆಯುವ ಆ ಬೆಟ್ಟದ ಜನರ ಸಿಟ್ಟು ಒಂದು ದಿನದ್ದಲ್ಲ.

ಕಾಡಿನಲ್ಲಿ ರಸ್ತೆಗೆ ಕಾನೂನು ಅಡ್ಡ ಅನ್ನುತ್ತಾರೆ. ಪೂರ್ತಿ ಸತ್ಯ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ 13 ಸೌಲಭ್ಯಗಳಿಗೆ ಕಾಡಿನ ಜಾಗ ಕೊಡಲು ಅವಕಾಶ ಇದೆ. ರಸ್ತೆಯೂ ಅದರಲ್ಲಿ ಒಂದು. ಒಂದು ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಒಂದು ಹೆಕ್ಟೇರ್ ಅಂದರೆ ಹತ್ತು ಸಾವಿರ ಚದರ ಮೀಟರ್. ಮೂರು ಮೀಟರ್ ಡಾಂಬರಿನ ಅಗಲ ಮಾತ್ರ ಹಿಡಿದರೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ರಸ್ತೆ ಬರುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಬೇರೆ ಕಟ್ಟುಪಾಡುಗಳಿವೆ, ಇರಲೂಬೇಕು. ಆದರೆ ಎಷ್ಟೋ ಊರುಗಳಲ್ಲಿ ಗ್ರಾಮಸಭೆಗೆ ಈ ಅಧಿಕಾರ ಇದೆ ಎಂಬ ಸಂಗತಿಯೇ ಜನಕ್ಕೆ ಮುಟ್ಟಿಲ್ಲ.

ಎಲ್ಲ ಕಡೆ ಡಾಂಬರೇ ಬೇಕು ಅಂತಲೂ ಇಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಅಲ್ಲಿ ಬೇಕಿದ್ದದ್ದು ಒಂದು ಗಟ್ಟಿ ಸಂಕ, ಹಿಡಿದುಕೊಳ್ಳಲು ಕಂಬಿ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಸೇತುವೆಗೆ ವರ್ಷಗಟ್ಟಲೆ ಕಾಯುವ ಊರಿಗೆ ಕಡಿಮೆ ಖರ್ಚಿನಲ್ಲಿ ದಾರಿ ಮಾಡಬಹುದು ಅಂತ ನಮ್ಮವರೇ ತೋರಿಸಿಕೊಟ್ಟಿದ್ದಾರೆ.

ದೊಡ್ಡ ಸೇತುವೆ ಅಂದಾಗ ಶರಾವತಿ ಹಿನ್ನೀರು ನೆನಪಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ತುಮರಿ ಸುತ್ತಿನ ಕರೂರು, ಬಾರಂಗಿ ಹೋಬಳಿಯ ಊರುಗಳು ಹೆಚ್ಚುಕಡಿಮೆ ದ್ವೀಪವಾದವು. ನಾಡಿಗೆ ಕರೆಂಟು ಕೊಟ್ಟ ಜನ ಸಾಗರ ಪೇಟೆಗೆ ಹೋಗಲು ಲಾಂಚ್ ಕಾಯಬೇಕಾಯಿತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಆಚೆಯವರು ಆಚೆ, ಈಚೆಯವರು ಈಚೆ. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಮಧ್ಯೆ ಸುಮಾರು 2.4 ಕಿಲೋಮೀಟರಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಅರವತ್ತೊಂದು ವರ್ಷ. ಆ ಊರುಗಳ ಜನ ಎಷ್ಟು ಹೋರಾಡಿದರೂ, ಸಿಗಂದೂರು ದೇವಸ್ಥಾನಕ್ಕೆ ಬರುವ ಭಕ್ತರ ಸಂಖ್ಯೆ ಇಲ್ಲದಿದ್ದರೆ ಇದು ಇನ್ನೂ ತಡ ಆಗುತ್ತಿತ್ತು ಅಂತಲೇ ನನ್ನ ಅನಿಸಿಕೆ. ಅಲ್ಲೂ ಗೆದ್ದದ್ದು ತಲೆ ಎಣಿಕೆಯೇ, ಆದರೆ ಊರಿನವರದ್ದಲ್ಲ.

ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಊರಲ್ಲಿ ಎಷ್ಟು ಜನ ಎಂಬುದಲ್ಲ. ಈ ಊರಿನ ಮಗು ಬೆಳಗ್ಗೆ ಹೊರಟು ಶಾಲೆಗೆ ಹೊತ್ತಿಗೆ ಸರಿಯಾಗಿ ಸೇರಿ, ಕತ್ತಲಾಗುವ ಮುಂಚೆ ಮನೆಗೆ ಬರಬಹುದಾ? ಈ ಊರಿನ ಅಜ್ಜಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅದೇ ದಿನ ತಿರುಗಿ ಬರಬಹುದಾ? ಹೌದು ಅಥವಾ ಇಲ್ಲ, ಎರಡೇ ಉತ್ತರ. ಇಲ್ಲ ಎಂದಾದರೆ ಅಲ್ಲಿಗೆ ಐವತ್ತು ಸೀಟಿನ ಬಸ್ಸೇ ಬರಬೇಕೆಂದಿಲ್ಲ. ಇಪ್ಪತ್ತು ಸೀಟಿನ ಮಿನಿ ಬಸ್ ಸಾಕು. ನಾಲ್ಕೈದು ಊರು ಸುತ್ತಿ ಮೇನ್ ರೋಡಿನ ಬಸ್ಸಿಗೆ ಹೊಂದಿಸಿ ಬಿಡುವ ಒಂದು ಜೀಪಾದರೂ ಆದೀತು. ಹೊತ್ತು ಮಾತ್ರ ಖಾತ್ರಿ ಇರಬೇಕು. ಬೆಳಗ್ಗೆ ಒಂದು, ಸಂಜೆ ಒಂದು. ರಾಜ್ಯ ಸರ್ಕಾರ ಪಂಚಾಯ್ತಿಗೆ ಕೊಟ್ಟ ಮಲೆನಾಡಿನ ರಿಯಾಯಿತಿಯನ್ನು ರಸ್ತೆಗೂ ಬಸ್ಸಿಗೂ ಕೊಡಲಿ. ಶಕ್ತಿ ಯೋಜನೆಗೆ ದುಡ್ಡು ತೆಗೆದಿಟ್ಟ ಹಾಗೆ ಹಳ್ಳಿ ಮಾರ್ಗಗಳ ನಷ್ಟ ತುಂಬಲೂ ಬಜೆಟ್ಟಿನಲ್ಲಿ ಬೇರೆ ದುಡ್ಡು ಇಡಲಿ.

ಹೊಸ ಜನಗಣತಿ ಎದುರಿಗಿದೆ. 2021ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಗಿ, 2026ರಲ್ಲಿ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ ಅಂತ ನಿಗದಿಯಾಗಿದೆ. ಆಗ ಬರೆದ ಸಂಖ್ಯೆಯ ಮೇಲೆ ಮುಂದಿನ ಹತ್ತು ವರ್ಷದ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ನಿಲ್ಲುತ್ತವೆ. ಹಳ್ಳಿಯ ಸೌಲಭ್ಯದ ಕಾಲಂ ತುಂಬುವಾಗ ಬಸ್ ಇದೆಯಾ ಎಂಬುದಕ್ಕೆ ಯಾರು ಏನು ಬರೆದರು ಅಂತ ಊರಿನವರು ಪಂಚಾಯ್ತಿಯಲ್ಲಿ ಕೇಳಬೇಕು. ನಿಂತುಹೋದ ಬಸ್ಸನ್ನು 'ಇದೆ' ಅಂತ ಬರೆದರೆ ಅದನ್ನು ಅಳಿಸಲು ಇನ್ನೊಂದು ಜನಗಣತಿ ಬರಬೇಕು.

ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮ ಈ ವಿಷಯ ಎತ್ತಿದಳು. ಎಣಿಸುವವರು ಬಂದಾಗ ಬೆಂಗಳೂರಿನಲ್ಲಿರುವ ಮಗ, ಸೊಸೆ, ಮೊಮ್ಮಗಳ ಹೆಸರನ್ನೂ ಇಲ್ಲೇ ಬರೆಸಬಹುದಾ ಅಂತ ಕೇಳಿದಳು. ಆಗಲ್ಲ, ಅವರು ಇರುವ ಮನೆಯಲ್ಲೇ ಅವರನ್ನು ಎಣಿಸುತ್ತಾರೆ ಅಂದೆ. "ಜಮೀನು ಇಲ್ಲಿದೆಯಲ್ಲ" ಅಂದಳು. ಜಮೀನನ್ನು ಎಣಿಸಲ್ಲ ದೊಡ್ಡಮ್ಮ, ಜನರನ್ನು ಅಂದೆ. ಅವಳು ಅಂಗಳದಲ್ಲಿ ಒಣಗಿಸಿದ್ದ ಅಡಿಕೆಯನ್ನು ಕಾಲಲ್ಲಿ ಹರವುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಹಾಗಾದ್ರೆ ಈ ಮನೆಗೆ ಇಬ್ರು ಅಂತ ಬರ್ಕೊಳ್ಳಿ. ಅವರು ಬರೋಕೆ ಒಂದು ಬಸ್ ಬೇಕು ಅಂತಾನೂ ಬರ್ಕೊಳ್ಳಿ."